ಪಟ್ಟದ ರಾಣಿಯ ನೆರಿಗೆ

ಮಧ್ಯಾಹ್ನ ಮೂರೂ ಇಪ್ಪತ್ತು. ನಮ್ಮ ನಡುಮನೆಯ ಗಡಿಯಾರ ಯಾವಾಗಲೂ ಸ್ವಲ್ಪ ಮುಂದೆ ಓಡುತ್ತದೆ, ಅದನ್ನು ಕಳೆದೇ ಹೇಳುತ್ತಿದ್ದೇನೆ. ಗೇಟು ಕಿರ್ರೆಂದಿತು. ಹಿಂದೆಯೇ ನನ್ನ ಹೆಂಡತಿಯ ತಮ್ಮನ ದನಿ: "ಅಕ್ಕಾ, ಕಾಫಿಗಿಡು, ಬಂದ್ಬುಟ್ಟೆ."

ನಾನಾಗ ಬೊಂಬೆ ಕೂರಿಸಿದ್ದ ಕೋಣೆಯಲ್ಲಿ ಮಂಡಿಯೂರಿ, ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಪಟ್ಟದ ರಾಣಿಯ ಸೀರೆಯ ನೆರಿಗೆಗೆ ಹೊಲಿಗೆ ಹಾಕುತ್ತಿದ್ದೆ. ದನಿ ಕಿವಿಗೆ ಬಿದ್ದದ್ದೇ ತಡ, ಎದ್ದು ಹೋಗಿ ಬಾಗಿಲು ಮುಚ್ಚಿ ಚಿಲಕ ಜಡಿದೆ.

ಅಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ ಗೊತ್ತಿಲ್ಲ. ಪ್ರತಿ ಸಲವೂ ಅದು ಚಿಲಕದ ಹತ್ತಿರ ಬಂದು ನಿಲ್ಲುತ್ತದೆ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಮನೆ ಚಾಮರಾಜಪುರಂನಲ್ಲಿ, ಅಜ್ಜನ ಕಾಲದ್ದು. ನವರಾತ್ರಿಗೆ ನಮ್ಮಲ್ಲಿ ಬೊಂಬೆ ಕೂರಿಸುವುದು ತಪ್ಪುವುದಿಲ್ಲ. ರಾಜ ರಾಣಿಯರ ಪಟ್ಟದ ಬೊಂಬೆ ಅಮ್ಮನಿಗೆ ಅವಳ ತವರಿನಿಂದ ಮದುವೆಯಲ್ಲಿ ಬಂದದ್ದು, ರಕ್ತಚಂದನದ ಜೋಡಿ, ಒಂದು ಗೇಣು ಎತ್ತರ. ಅವಕ್ಕೆ ಪ್ರತಿವರ್ಷ ಹೊಸ ಬಟ್ಟೆ ಉಡಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಅಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ, ನಾನಿದ್ದೆ. ಚಿಕ್ಕವನಾಗಿದ್ದಾಗ ಅವಳ ಪಕ್ಕ ಕೂತು ನೋಡುತ್ತಾ ನೋಡುತ್ತಾ ಕಲಿತೆ. ಹಳೆಯ ಸೀರೆಯ ಅಂಚನ್ನು ಹೇಗೆ ಕತ್ತರಿಸಿದರೆ ಜರಿ ಸೆರಗಿನ ತುದಿಗೆ ಬರುತ್ತದೆ, ಉಗುರಿನಗಲದ ನೆರಿಗೆಯನ್ನು ಹೇಗೆ ಮಡಿಸಿದರೆ ಬಿಚ್ಚಿಕೊಳ್ಳುವುದಿಲ್ಲ, ರಾಜನ ಪೇಟವನ್ನು ಎಡಗಡೆಯಿಂದ ಸುತ್ತಬೇಕೋ ಬಲಗಡೆಯಿಂದಲೋ. ಒಂದು ನೆರಿಗೆಯ ಮೇಲೆ ಇನ್ನೊಂದು ಸರಿಯಾಗಿ ಕೂತಾಗ ನನಗಾಗುವ ಸುಖಕ್ಕೆ ಹೋಲಿಸಲು ಬೇರೇನೂ ನನ್ನ ಬದುಕಿನಲ್ಲಿಲ್ಲ.

ಇದನ್ನು ಹೊರಗೆ ಯಾರಿಗೂ ಹೇಳಿರಲಿಲ್ಲ. ಹೈಸ್ಕೂಲಿನಲ್ಲಿ ಒಮ್ಮೆ ಮಾತ್ರ ಒಬ್ಬ ಸಹಪಾಠಿಗೆ ಬಾಯಿಬಿಟ್ಟಿದ್ದೆ. ಆ ವರ್ಷವಿಡೀ ಬೆಂಚಿನವರೆಲ್ಲ "ಏನಮ್ಮಾ, ಹೂವ ಮುಡ್ಕೊಂಡಿಲ್ವಾ ಇವತ್ತು?" ಎಂದು ಕೇಳಿದರು. ಆಮೇಲೆ ಸಾಕು ಅನ್ನಿಸಿತು. ಮದುವೆಯಾದ ಮೇಲೆ ಬಂದವರು ಸೀರೆಯನ್ನು ಹೊಗಳಿದರೆ ಹೆಂಡತಿ "ನಮ್ಮತ್ತೆ ಉಡಿಸ್ತಾರೆ" ಎನ್ನುತ್ತಿದ್ದಳು. ಅಮ್ಮ ಸುಮ್ಮನಿರುತ್ತಿದ್ದಳು. ನಾನು ಚಕ್ಕುಲಿ ತಟ್ಟೆ ಹಿಡಿದು ಓಡಾಡುತ್ತಿದ್ದೆ.

ಆ ಮಧ್ಯಾಹ್ನ ಅಮ್ಮನೂ ಕೋಣೆಯಲ್ಲೇ ಇದ್ದಳು, ಬೆತ್ತದ ಕುರ್ಚಿಯಲ್ಲಿ, ನೋಯುವ ಮಂಡಿಗಳನ್ನು ಚಾಚಿಕೊಂಡು. ರಾಣಿಯ ನೆರಿಗೆ ಜಾರಿದ್ದನ್ನು ಕಂಡವಳು ಅವಳೇ. ಕೂರಿಸಿದ ಪಟ್ಟದ ಬೊಂಬೆಯನ್ನು ಹಬ್ಬ ಮುಗಿಯುವವರೆಗೆ ಕದಲಿಸಬಾರದು, ಅದರ ಮುಂದೆ ಹಚ್ಚಿದ ದೀಪವನ್ನು ಆರಿಸಬಾರದು. ಇದು ನಮ್ಮ ಮನೆಯ ಪದ್ಧತಿ. ಹಾಗಾಗಿ ಉರಿಯುವ ದೀಪದ ಮೇಲಿಂದ ಕೈ ಚಾಚಿ, ಬೊಂಬೆ ಇದ್ದಲ್ಲೇ ಹೊಲಿಯುತ್ತಿದ್ದೆ. ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಹೊರಗೆ ಕಳಿಸುತ್ತಿದ್ದೆ.

ಎದ್ದಾಗ ದಾರ ಕತ್ತರಿಸಿರಲಿಲ್ಲ. ಅದು ನನ್ನ ತೋರುಬೆರಳಿಗೆ ಸುತ್ತಿಕೊಂಡೇ ಇತ್ತು. ನಾನು ಬಾಗಿಲಿನತ್ತ ನಡೆದಂತೆ ಅದು ರಾಣಿಯನ್ನು ಎಳೆದಿದೆ. ಚಿಲಕ ಹಾಕಿ ತಿರುಗಿದಾಗ ರಾಣಿ ದೀಪದ ಮೇಲೆ ಬೋರಲು ಬಿದ್ದಿದ್ದಳು, ಎಣ್ಣೆ ಮೆಟ್ಟಿಲಿಗೆ ಹಾಸಿದ್ದ ಬಿಳಿ ಪಂಚೆಯ ಮೇಲೆ ಹರಿಯುತ್ತಿತ್ತು. ರೇಷ್ಮೆ ಬೇಗ ಹತ್ತಿಕೊಳ್ಳುವುದಿಲ್ಲ. ಹತ್ತಿಕೊಂಡದ್ದು ಪಂಚೆ, ಆಮೇಲೆ ಕೈಲಾಸದ ಹಿಮಕ್ಕೆಂದು ಅಂಟಿಸಿದ್ದ ಹತ್ತಿ, ಆಮೇಲೆ ಥರ್ಮೋಕೋಲು. ಹೊಗೆ ಕಪ್ಪಗೆ ಎದ್ದು ಚಾವಣಿಗೆ ಹೋಗಿ, ಅಲ್ಲಿ ಜಾಗ ಸಾಲದೆ ನಮ್ಮ ತಲೆಯ ಮಟ್ಟಕ್ಕೆ ಇಳಿಯಿತು.

ಚಿಲಕ ಬರಲಿಲ್ಲ. ಮಳೆಗಾಲದಲ್ಲಿ ಆ ಬಾಗಿಲು ಊದಿಕೊಳ್ಳುತ್ತದೆ. ಹೆಗಲಿನಿಂದ ಸ್ವಲ್ಪ ಎತ್ತಿ ಹಿಡಿದರೆ ಮಾತ್ರ ಚಿಲಕ ಸರಿಯುತ್ತದೆ. ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಆ ಹೊತ್ತಿಗೆ ನೆನಪಾಗಲಿಲ್ಲ. ಎರಡೂ ಕೈಯಿಂದ ಬರೀ ಎಳೆಯುತ್ತಿದ್ದೆ. ಕಿಟಕಿಗೆ ಕಬ್ಬಿಣದ ಸರಳು.

"ಎತ್ತಿ ಎಳಿಯೋ," ಅಮ್ಮ ಅಂದಳು. ಕೂಗಲಿಲ್ಲ. "ಬಾಗ್ಲು ಎತ್ತೋ ಮಗಾ."

ಕೇಳಿಸಿತು. ಅರ್ಥವಾಗಲಿಲ್ಲ. ಹೊರಗೆ ಹೆಂಡತಿ ಬಾಗಿಲು ಬಡಿಯುತ್ತಿದ್ದಳು. ಹಿಂದಿರುಗಿ ನೋಡಿದರೆ ಕುರ್ಚಿ ಖಾಲಿ. ಒಬ್ಬಳೇ ಏಳಲಾರದ ಅಮ್ಮ ಎದ್ದು ಬೆಂಕಿಯ ಕಡೆಗೇ ಹೋಗಿದ್ದಳು, ಬಾಗಿ ಬರಿಗೈಯಲ್ಲಿ ರಾಣಿಯನ್ನು ಹಿಡಿದಿದ್ದಳು. ಆಮೇಲೆ ಹೊಗೆಯಲ್ಲಿ ಅವಳು ಕಾಣಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಬಾಗಿಲು ಬಿಟ್ಟು ಅವಳ ಹತ್ತಿರ ಹೋಗಬೇಕೋ, ಅವಳನ್ನು ಬಿಟ್ಟು ಬಾಗಿಲು ತೆಗೆಯಬೇಕೋ ತಿಳಿಯದೆ ನಿಂತೇ ಇದ್ದೆ. ಎಷ್ಟು ಹೊತ್ತೋ. ಈಗಲೂ ಒಮ್ಮೊಮ್ಮೆ ಅಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ.

"ಭಾವ, ಪಕ್ಕಕ್ಕ್ ಸರೀರಿ," ಎಂದ ಬಾವಮೈದ. ಒದ್ದ. ಮತ್ತೆ ಒದ್ದ. ಚಿಲಕ ಮರದ ಸಮೇತ ಕಿತ್ತು ಬಂತು. ಅವನೂ ನಾನೂ ಸೇರಿ ಅಮ್ಮನನ್ನು, ಅವಳು ಹಿಡಿದಿದ್ದ ರಾಣಿಯ ಸಮೇತ, ಹೊತ್ತು ತಂದೆವು. ಹೆಂಡತಿ ಬಚ್ಚಲಿನಿಂದ ಬಕೆಟ್ ಬಕೆಟ್ ನೀರು ತಂದು ಸುರಿದಳು.

ಆಸ್ಪತ್ರೆಯಲ್ಲಿ ಅಮ್ಮನ ಬಲ ಅಂಗೈಗೆ ಪಟ್ಟಿ ಕಟ್ಟಿ, ಹೊಗೆ ಕುಡಿದಿದ್ದಾರೆಂದು ಇರಿಸಿಕೊಂಡರು. ಹೊರಗೆ ಬೆಂಚಿನ ಮೇಲೆ ಬಾವಮೈದ ನನ್ನ ಪಕ್ಕ ಕೂತ.

"ಒಳಗ್ ಯಾಕ್ ಚಿಲಕ ಹಾಕ್ಕೊಂಡಿದ್ರಿ ಭಾವ?"

ಅವನ ಕಣ್ಣು ನನ್ನ ಬೆರಳಿಗೆ ಹೋಯಿತು. ಕೆಂಪು ದಾರ ಇನ್ನೂ ಬಿಗಿಯಾಗಿ ಸುತ್ತಿಕೊಂಡಿತ್ತು, ಬೆರಳಿನ ತುದಿ ನೀಲಿಗಟ್ಟಿತ್ತು.

"ಹೊಲೀತಿದ್ರಾ?" ಅಂದ. ಆಮೇಲೆ ನಕ್ಕ. ಕೆಟ್ಟವನಲ್ಲ ಅವನು, ಬಾಗಿಲು ಒಡೆದವನು ಅವನೇ. ಆದರೆ ಅಮ್ಮ ಮನೆಗೆ ಬರುವಷ್ಟರಲ್ಲಿ ನೆಂಟರಿಗೆಲ್ಲ ಸುದ್ದಿ ಮುಟ್ಟಿತ್ತು. ಒಬ್ಬರು ಫೋನ್ ಮಾಡಿ ಅಮ್ಮನ ಆರೋಗ್ಯ ವಿಚಾರಿಸಿದ ಮೇಲೆ, "ಲೆಕ್ಚರರ್ ಸಾಹೇಬ್ರು ಸೀರೆ ಉಡಿಸೋದ್ರಲ್ಲಿ ಎಕ್ಸ್‌ಪರ್ಟ್ ಅಂತಲ್ಲ," ಎಂದರು.

ಆ ವಾರಗಳಲ್ಲಿ ನಾನು ಮುಚ್ಚಿದ ಬಾಗಿಲಿನ ಹಿಂದೆ ನಿಲ್ಲಲಾರದವನಾದೆ. ಪ್ರಯೋಗಾಲಯದಲ್ಲಿ ಬರ್ನರ್ ಹಚ್ಚುವ ಮೊದಲು ಎರಡೂ ಬಾಗಿಲು ತೆರೆಸುತ್ತಿದ್ದೆ. ಗಾಳಿಗೆ ಜ್ವಾಲೆ ಆರುತ್ತದೆಂದು ಹುಡುಗರು ಗೊಣಗಿದರೂ ಬಿಡಲಿಲ್ಲ. ಬಚ್ಚಲಿನ ಬಾಗಿಲಿಗೆ ಬಕೆಟ್ ಅಡ್ಡ ಇಡುತ್ತಿದ್ದೆ. ರಾತ್ರಿ ಕಣ್ಣು ಹತ್ತಿದರೆ ಕನಸಿನಲ್ಲಿ ಚಿಲಕ ಕೈಗೆ ಸಿಗುತ್ತಿತ್ತು, ಎಚ್ಚರವಾಗುತ್ತಿತ್ತು. ಎಲ್ಲಿ ಹೋದರೂ ಆ ಕೋಣೆಯೇ. ಸೂಜಿ, ದಾರ, ರೇಷ್ಮೆ ತುಂಡುಗಳಿದ್ದ ಬಿಸ್ಕತ್ತಿನ ಡಬ್ಬ ಅಟ್ಟಕ್ಕೆ ಎಸೆದೆ. ಇನ್ನು ಮುಟ್ಟುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ.

ಅವಳು ಎಡಗೈಯಲ್ಲಿ ಮೊಸರನ್ನ ಕಲಸಿಕೊಳ್ಳಲು ಒದ್ದಾಡುತ್ತಿದ್ದಳು. "ಅವ್ನು ಒಳಗ್ ಬಂದಿದ್ರೆ ಏನಾಗ್ತಿತ್ತೋ?" ಅಂದಳು. "ನಗ್ತಿದ್ದ. ನಕ್ಕು, ಚಕ್ಲಿ ತಿಂದು ಹೋಗ್ತಿದ್ದ. ಅಷ್ಟಕ್ಕೆ ಚಿಲಕ ಹಾಕಿದ್ಯಲ್ಲೋ."

ನನಗೆ ಸಿಟ್ಟು ಬಂತು. ನಗೆಪಾಟಲಾಗುವವಳು ಅವಳಲ್ಲವಲ್ಲ. ತಟ್ಟೆ ತೆಗೆದುಕೊಂಡು ಅನ್ನ ಕಲಸಿ ಕೊಟ್ಟೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹಿಂದಿನ ಬೀದಿಯ ಹೆಂಗಸೊಬ್ಬರು ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಅವರ ಮಗಳ ಮದುವೆ ಹತ್ತಿರವಿತ್ತು. ಟವೆಲು ಬಿಚ್ಚಿದರೆ ಹೊಸ ಪಟ್ಟದ ಬೊಂಬೆಗಳ ಜೋಡಿ, ಮಗಳಿಗೆ ಕೊಡಲು ತಂದದ್ದು, ಬಟ್ಟೆಯಿಲ್ಲದೆ ಎಳೆಮಕ್ಕಳ ಹಾಗೆ ಮಲಗಿದ್ದವು. ಬಾವಮೈದನೂ ಆಗ ನಡುಮನೆಯಲ್ಲಿದ್ದ, ಪೇಪರ್ ಹಿಡಿದು.

"ನಿಮ್ಮನೆ ರಾಣಿ ನೆರಿಗೆ ವರ್ಷಾ ವರ್ಷಾ ನೋಡಿದೀನಿ ಕಣಮ್ಮ," ಎಂದರು ನನ್ನ ಹೆಂಡತಿಗೆ. "ಹಂಗೆ ಬೇಕು ನಂಗೆ. ನಿಮ್ಮತ್ತೆ ಕೈ ಹಿಂಗಾಗಿದೆ. ಬೇರೆ ಯಾರಿಗಾದ್ರೂ ಹೇಳ್ಕೊಟ್ಟಿದಾರಾ?"

ಹೆಂಡತಿ ನನ್ನನ್ನು ನೋಡಲಿಲ್ಲ. ನೋಡಬಾರದೆಂದು ಕಷ್ಟಪಟ್ಟು ನೆಲ ನೋಡುತ್ತಿದ್ದಳು. ಪೇಪರ್ ಸದ್ದು ನಿಂತಿತು. ನನ್ನ ಬೆನ್ನಿನ ಹಿಂದೆ ಬಾಗಿಲು ತೆರೆದೇ ಇತ್ತು, ಎದ್ದು ಹೋಗಬಹುದಿತ್ತು.

"ಉಡಿಸ್ತಿದ್ದಿದ್ದು ನಾನೇ," ಅಂದೆ. ದನಿ ನನ್ನದಲ್ಲವೆಂಬಂತೆ ಕೇಳಿತು. "ಮೊದ್ಲಿಂದ್ಲೂ ನಾನೇ."

ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ನೀವೇ ಹೇಳಿ, ಯಾವ್ ಬಣ್ಣ ತರ್ಲಿ? ಹುಡ್ಗಿ ಹಸಿರು ಅಂತಾಳೆ. ನಂಗೇನೋ ಕುಂಕುಮದ ಬಣ್ಣಾನೇ ಚೆನ್ನ ಅನ್ಸುತ್ತೆ."

"ಹಸಿರಿಗೆ ಕುಂಕುಮದ ಅಂಚು ತನ್ನಿ," ಅಂದೆ. "ಅಂಚು ಸಣ್ಣದಿರಲಿ. ದೊಡ್ಡದಾದ್ರೆ ಬೊಂಬೆ ಕುಳ್ಳಗೆ ಕಾಣುತ್ತೆ."

"ನನ್ ಪ್ಯಾಂಟ್ದೂ ಒಂದು ಗುಂಡಿ ಬಿದ್ದೋಗಿದೆ ಭಾವ," ಎಂದ ಬಾವಮೈದ ಪೇಪರಿನ ಹಿಂದಿನಿಂದ.

"ತಂದ್ಕೊಡು, ಹಾಕ್ಕೊಡ್ತೀನಿ."

ಅವನು ತರಲಿಲ್ಲ. ಆ ಹೆಂಗಸು ಮಾತ್ರ ಭಾನುವಾರ ಬೆಳಿಗ್ಗೆಯೇ ಬಟ್ಟೆ ತಂದರು.

ಅಟ್ಟದಿಂದ ಡಬ್ಬ ಇಳಿಸಿಕೊಂಡು, ಬೀದಿಗೆ ಕಾಣುವ ಜಗಲಿಯ ಮೇಲೆ ಚಾಪೆ ಹಾಸಿ ಕೂತೆ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುವ ಧೈರ್ಯವಾಗದೆ ಗಿಡ್ಡಗೆ ಕತ್ತರಿಸಿ ಕತ್ತರಿಸಿ ಹೊಲಿದೆ. ಮೊದಲ ನೆರಿಗೆಗಳು ಸೊಟ್ಟಗೆ ಬಂದವು, ಬಿಚ್ಚಿದೆ. ಸೊಪ್ಪಿನವಳು ಗೇಟಿನ ಹತ್ತಿರ ನಿಂತು ನೋಡಿದಳು. ನನ್ನ ವಿದ್ಯಾರ್ಥಿಯೊಬ್ಬ ಸ್ಕೂಟರಿನಲ್ಲಿ ಹೋಗುತ್ತಾ ನಿಧಾನಿಸಿ, ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ, ತಲೆಯಾಡಿಸಿ ಹೋದ. ಸೋಮವಾರ ತರಗತಿಯಲ್ಲಿ ಏನು ಕಾದಿದೆಯೋ. ಬಗ್ಗಿ ಹೊಲಿಯುತ್ತಲೇ ಇದ್ದೆ. ಅಮ್ಮ ಕುರ್ಚಿ ಹೊರಗೆ ಹಾಕಿಸಿಕೊಂಡು, "ಆ ಮೂರ್ನೇದು ಸ್ವಲ್ಪ ಒಳಗ್ ತಗೋ," ಎನ್ನುತ್ತಾ ಕೂತಿದ್ದಳು. ಮೂರನೆಯದು ಸರಿಯಾಗಿಯೇ ಇತ್ತು. ಆದರೂ ಒಳಗೆ ತಗೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ರಾಣಿಯ ಸೆರಗಿಗೆ ಕೊನೆಯ ಹೊಲಿಗೆ ಬಿತ್ತು. ಆ ರಾತ್ರಿ ಊಟ ಮಾಡಿ ಮಲಗಿದವನಿಗೆ ಎಚ್ಚರವಾದದ್ದು ಸೋಮವಾರ, ಕಾಲೇಜಿಗೆ ಹೊತ್ತಾಯಿತೆಂದು ಹೆಂಡತಿ ಭುಜ ಹಿಡಿದು ಅಲುಗಿಸಿದಾಗ.