ಪಾದರಸಮ್ಮನ ಹುಲ್ಲುಗಾವಲು

ಊರವರು ಅವಳನ್ನು ಪಾದರಸಮ್ಮ ಎಂದು ಕರೆಯುತ್ತಿದ್ದುದು ಸುಮ್ಮಸುಮ್ಮನೆ ಅಲ್ಲ. ಕೂತ ಕಡೆ ಕೂರುವ ಜೀವವೇ ಅಲ್ಲ ಅದು. ಅರ್ಧ ಊಟದಲ್ಲಿ ಎದ್ದು ಹೋಗಿ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟು ಬರುವವಳು. ನೆಂಟರ ಮನೆಗೆ ಹೋದರೆ ಅವರ ಪಾತ್ರೆಯನ್ನೆಲ್ಲ ತಿಕ್ಕಿಟ್ಟೇ ಹೊರಡುವವಳು. ಗಂಡ ಇದಕ್ಕೆ ತದ್ವಿರುದ್ಧ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ತುಟಿಗಳ ನಡುವೆ ಯಾವಾಗಲೂ ನಾಲ್ಕು ಗುಂಡುಸೂಜಿ ಇರುತ್ತಿದ್ದುದರಿಂದ ಮಾತೂ ಅಷ್ಟಕ್ಕಷ್ಟೆ.

ಮನೆಯ ಹಿಂದೆ ಆರು ಎಕರೆ ಹುಲ್ಲುಗಾವಲಿತ್ತು. ಮಾವ ಬಿತ್ತಿದ ಸೀಮೆಹುಲ್ಲು. ಮೂವತ್ತು ವರ್ಷ ಅದನ್ನು ಕೊಯ್ದವಳು ಇವಳೇ. ಟ್ರ್ಯಾಕ್ಟರ್ ಹತ್ತಿ ಕೊಯ್ಯುವುದು, ಬಿಸಿಲಿಗೆ ತಿರುವಿ ಹಾಕುವುದು, ಪೆಂಡಿ ಕಟ್ಟುವುದು, ಬಣವೆ ಒಟ್ಟುವುದು, ಯಾವುದಕ್ಕೂ ಬೇರೆಯವರ ಕೈ ತಾಕಿಸಿದವಳಲ್ಲ. ಕೊಟ್ಟಿಗೆಯ ಕೊನೆಯ ಹಸು ಮುದಿಯಾಗಿ ಸತ್ತ ಮೇಲೂ ಎರಡು ವರ್ಷ ಕೊಯ್ದಳು. ಕೈಗೆ ಕೆಲಸ ಬೇಕಲ್ಲ! ತಿನ್ನುವವರಿಲ್ಲದೆ ಪೆಂಡಿಗಳು ಬಣವೆಯಲ್ಲೇ ಕಪ್ಪಾದವು.

ಹಾಗೆ ಕೊಯ್ಯುತ್ತಿದ್ದ ಒಂದು ಬೆಳಿಗ್ಗೆ ಯಂತ್ರದ ಅಲಗಿಗೆ ಮೊಲದ ಮರಿಗಳು ಸಿಕ್ಕವು. ಮೂರು. ತಾಯಿ ಬೇಲಿಯವರೆಗೆ ಓಡಿ, ನಿಂತು, ಹಿಂದಿರುಗಿ ನೋಡಿತು. ಪಾದರಸಮ್ಮ ಎಂಜಿನ್ ಆರಿಸಿ ಇಳಿದು, ಮರಿಗಳನ್ನು ಬದುವಿನ ಪಕ್ಕ ಹೂತಳು. ಅರ್ಧ ಕೊಯ್ದ ಹುಲ್ಲು ಹಾಗೇ ಉಳಿಯಿತು. ಯಾರಿಗೂ ಬೇಡದ ಹುಲ್ಲಿಗಾಗಿ ಈ ಕೆಲಸ ಮಾಡಿದೆನಲ್ಲ ಎಂಬುದು ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಮೊಲ, ಹಕ್ಕಿಗಳಿಗೆ ನೆಲೆಯಾಗಲೆಂದು ವನ್ಯಜೀವಿ ಕಚೇರಿಯಲ್ಲಿ ನಾಟಿ ಹುಲ್ಲಿನ ಬೀಜ ಕೊಡುತ್ತಾರೆಂದು ಕೇಳಿದ್ದಳು. ಮರುದಿನವೇ ಹೋಗಿ ಅಲ್ಲಿನ ಅಧಿಕಾರಿಯನ್ನು ಹೊರಡಿಸಿಕೊಂಡು ಬಂದಳು. ಆಕೆ ಒಬ್ಬ ಕನ್ನಡಕದ ಹುಡುಗಿ. ಮಂಡಿಯೂರಿ ಹುಲ್ಲನ್ನು ಎರಡೂ ಕೈಯಿಂದ ಬಗೆದು ತೋರಿಸಿದಳು.

"ನೋಡಿ ಅಮ್ಮ, ಕಂಬಳಿ ಥರ ಹೆಣೆದುಕೊಂಡಿದೆ. ಇದರಲ್ಲಿ ಹಕ್ಕಿ ಮರಿ ಓಡಾಡೋದು ಹೇಗೆ? ನಾಟಿ ಹುಲ್ಲು ಹಾಗಲ್ಲ. ಬಿಡಿಬಿಡಿಯಾಗಿ ಗುಂಪು ಕಟ್ಟುತ್ತೆ. ಬುಡದಲ್ಲೆಲ್ಲ ಓಣಿ ಇರುತ್ತೆ, ಮೇಲೆ ಮರೆ ಇರುತ್ತೆ."

"ಎಷ್ಟು ದಿನ ಹಿಡಿಯುತ್ತೆ?"

"ಮೂರು ವರ್ಷ."

"ನಾನು ಕೇಳಿದ್ದು ದಿನ, ತಾಯಿ!"

ಹುಡುಗಿ ನಕ್ಕಳು. ಪಾದರಸಮ್ಮ ನಗಲಿಲ್ಲ.

ಮೊದಲು ಹಳೆಯದನ್ನು ಸಾಯಿಸಬೇಕಿತ್ತು. ಔಷಧಿ ಹೊಡೆದಳು, ಮತ್ತೆ ಚಿಗುರಿತು, ಮತ್ತೆ ಹೊಡೆದಳು. ಆರು ಎಕರೆಯೂ ಬೂದು ಬಣ್ಣಕ್ಕೆ ತಿರುಗಿದಾಗ ಎದುರುಮನೆಯಿಂದ ಗಂಡನ ಅಕ್ಕ ಬಿರಬಿರನೆ ಬಂದಳು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಬೀಜದ ಬುಟ್ಟಿ ಹೊತ್ತು ನಡೆದವಳು ಅವಳು.

"ನಮ್ಮಪ್ಪ ಬಿತ್ತಿದ್ದಕ್ಕೆ ವಿಷ ಹಾಕಿದೆಯಲ್ಲೇ! ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಅದು ನೀನೇ."

"ಅತ್ತಿಗೆ, ತಿನ್ನೋಕೆ ಹಸು ಇಲ್ಲ, ಹುಲ್ಲು ಇಟ್ಕೊಂಡು ಏನು ಮಾಡಲಿ?"

"ಮೊಲಕ್ಕೆ ಮನೆ ಕಟ್ಟಿಸ್ತೀಯಾ? ಕಟ್ಟಿಸು, ಕಟ್ಟಿಸು" ಎಂದವಳೇ, ಚಹಾ ಕುಡಿದು ಹೋಗು ಎಂದು ತಮ್ಮ ಕರೆದರೂ ಕೇಳದೆ ಹೊರಟುಹೋದಳು.

ನಾಟಿ ಹುಲ್ಲಿನ ಬೀಜ ಹತ್ತಿಯ ಹಾಗೆ ಹಗುರ, ಒಂದಕ್ಕೊಂದು ಅಂಟಿಕೊಳ್ಳುವಂಥದ್ದು. ಬಿತ್ತುವ ಯಂತ್ರದ ಕೊಳವೆಯಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಮರಳಿನಲ್ಲಿ ಬೆರೆಸಿ, ನಾಲ್ಕು ದಿನ ನಡೆದು ನಡೆದು ಕೈಯಿಂದಲೇ ಎರಚಿದಳು. ಆ ನಾಲ್ಕು ದಿನ ಅವಳಷ್ಟು ಸುಖಿ ಯಾರೂ ಇರಲಿಲ್ಲ. ಐದನೆಯ ದಿನ ಕನ್ನಡಕದ ಹುಡುಗಿ ಬಂದು, "ಮುಗೀತು ಅಮ್ಮ. ಇನ್ನು ಮುಟ್ಟಬೇಡಿ. ಕಳೆ ಮೊಣಕಾಲು ದಾಟಿದರೆ ತುದಿ ಸವರಿ, ಅಷ್ಟೇ" ಎಂದಳು.

ಮುಟ್ಟಬೇಡಿ! ಬೆಂಕಿಗೆ ಉರಿಯಬೇಡ ಎಂದ ಹಾಗಾಯಿತು.

ಮೊದಲ ವರ್ಷ ಎದ್ದದ್ದೆಲ್ಲ ಕಳೆ. ಪಾದರಸಮ್ಮ ದಿನಕ್ಕೆ ಏಳು ಸಲ ಬೇಲಿಗೆ ಹೋಗುವಳು, ಬಗ್ಗಿ ನೋಡುವಳು, ಬೈದುಕೊಂಡು ಬರುವಳು. ಒಂದು ಮಧ್ಯಾಹ್ನ ತಡೆಯಲಾರದೆ ಒಂದು ಮಂಕರಿ ಕಳೆ ಕಿತ್ತಳು. ಅದರಲ್ಲಿ ಮುಕ್ಕಾಲು ಪಾಲು ನಾಟಿ ಹುಲ್ಲಿನ ಸಸಿಗಳೆಂದು ಆಮೇಲೆ ತಿಳಿಯಿತು. ಅಲ್ಲಿಂದ ಅವಳ ಕೈ ಮನೆಯ ಮೇಲೆ ತಿರುಗಿತು. ಅಡುಗೆಮನೆಗೆ ವರ್ಷದಲ್ಲಿ ಎರಡು ಸಲ ಬಣ್ಣ ಬಳಿದಳು. ಗಂಡನ ಗುಂಡಿಗಳ ಡಬ್ಬಿಗಳನ್ನೆಲ್ಲ ಸುರಿದು ಬಣ್ಣದ ಪ್ರಕಾರ ಜೋಡಿಸಿದಳು. ಮೂವತ್ತು ವರ್ಷದಿಂದ ಅಳತೆಯ ಪ್ರಕಾರ ಇಟ್ಟುಕೊಂಡಿದ್ದ ಮನುಷ್ಯ ಒಂದು ಅಂಗಿಗೆ ಗುಂಡಿ ಹುಡುಕುತ್ತ ಅರ್ಧ ದಿನ ಕಳೆದ. ಅವತ್ತು ಮಾತ್ರ ಬಾಯಿಂದ ಗುಂಡುಸೂಜಿ ತೆಗೆದು, "ಏ, ಹೊಲಕ್ಕಾದರೂ ಹೋಗೇ" ಎಂದ.

ಎರಡನೆಯ ವರ್ಷವೂ ಅಷ್ಟೆ. ಕಳೆಯ ನಡುವೆ ಅಲ್ಲಲ್ಲಿ ಬೆರಳುದ್ದದ ಎಸಳು. ಬೇಲಿಯಾಚೆ ಅತ್ತಿಗೆ ನಿಂತು ಕೇಳಿದಳು: "ಏನೇ, ನಿನ್ನ ಮೊಲಗಳಿಗೆ ಊಟ ಬಡಿಸಿ ಆಯ್ತಾ?"

ಪಾದರಸಮ್ಮ ನೆಟ್ಟಗೆ ಕೊಟ್ಟಿಗೆಗೆ ಹೋಗಿ ಟ್ರ್ಯಾಕ್ಟರಿಗೆ ನೇಗಿಲು ಸಿಕ್ಕಿಸಿದಳು. ಎಲ್ಲವನ್ನೂ ಉತ್ತು, ಸೀಮೆಹುಲ್ಲನ್ನೇ ಬಿತ್ತಿ, ಈ ಪೀಡೆ ಕಳೆದುಕೊಳ್ಳುವುದು ಎಂದು ಹಲ್ಲು ಕಚ್ಚಿ ಹೊರಟಳು. ಗಂಡ ಕಿಟಕಿಯಿಂದ ನೋಡಿದ. ತಡೆದರೆ ಇನ್ನೂ ಎರಡು ಸುತ್ತು ಹೆಚ್ಚು ಉಳುತ್ತಾಳೆಂದು ಅವನಿಗೆ ಗೊತ್ತಿತ್ತು.

ಬೇಲಿಯ ಉದ್ದಕ್ಕೂ ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ತಿರುಗಿಸುವಾಗ ಹಿಂದೆ ನೋಡಿದಳು. ಮಗುಚಿದ ಹೆಂಟೆಗಳ ಅಂಚಿನಿಂದ ಬಿಳಿ ಎಳೆಗಳು ಜೋತಾಡುತ್ತಿದ್ದವು, ಬಿಚ್ಚಿದ ಹೊಲಿಗೆಯ ದಾರದ ಹಾಗೆ. ಎಂಜಿನ್ ಓಡುತ್ತಿದ್ದಂತೆಯೇ ಇಳಿದಳು. ಗುದ್ದಲಿ ತಂದು, ಬೆರಳುದ್ದದ ಒಂದು ಗಿಡದ ಸುತ್ತ ಅಗೆದಳು. ತೊಡೆಯಷ್ಟು ಆಳ ಹೋದರೂ ಬೇರು ಮುಗಿಯಲಿಲ್ಲ. ಗುಂಡಿಯೊಳಗಿಂದಲೇ ಕೂಗಿದಳು.

"ರೀ! ಬನ್ನಿ ಇಲ್ಲಿ! ಬೇಗ!"

ಗಂಡ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿ ಬಂದ. ಅವಳು ಎತ್ತಿ ಹಿಡಿದದ್ದನ್ನು ನೋಡಿದ. ಅಭ್ಯಾಸಬಲ, ಟೇಪು ಇಳಿಸಿ ಅಳೆದ.

"ಮೇಲೆ ನಾಲ್ಕು ಇಂಚು" ಎಂದ. ಆಮೇಲೆ ಬಗ್ಗಿದ. "ಕೆಳಗೆ ಮೂವತ್ತೊಂದು. ತುದಿ ತುಂಡಾಗಿದೆ, ಇನ್ನೂ ಒಳಗೇ ಇದೆ."

"ಮೂವತ್ತೊಂದಾ?"

"ಬಟ್ಟೆಯೆಲ್ಲ ಒಳಮಡಿಕೆಯಲ್ಲಿತ್ತು ನೋಡು. ನೀನು ಗಿಡ್ಡ ಅಂತ ಬೈತಿದ್ದೆ."

ಪಾದರಸಮ್ಮ ಉತ್ತ ಮಣ್ಣಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಎರಡು ವರ್ಷ ಅವಳ ಕಾಲಡಿಯಲ್ಲೇ ಕೆಲಸ ನಡೆದಿತ್ತು, ಅವಳಿಗಿಂತ ಚುರುಕಾಗಿ. ಗಂಡ ಹೋಗಿ ಎಂಜಿನ್ ಆರಿಸಿ ಬಂದ.

ಮೂರನೆಯ ವರ್ಷ ಹುಲ್ಲು ಎದ್ದಿತು. ಸೊಂಟ ದಾಟಿತು, ಎದೆ ಮುಟ್ಟಿತು, ತೆನೆ ತಾಮ್ರದ ಬಣ್ಣಕ್ಕೆ ತಿರುಗಿತು. ಬುಡದ ಓಣಿಗಳಲ್ಲಿ ಲಾವಕ್ಕಿಗಳು ಮರಿಗಳ ಸಾಲು ಕಟ್ಟಿಕೊಂಡು ಓಡಾಡಿದವು. ಮಿಡತೆ ಬಂತು, ಮಿಡತೆಯ ಹಿಂದೆ ಓತಿ, ಓತಿಯ ಹಿಂದೆ ಹಾವು. ಮೊಲಗಳು ಬೇಲಿಯಡಿ ನುಸುಳಿ ದಾರಿ ಮಾಡಿಕೊಂಡವು. ಅತ್ತಿಗೆ ಒಂದು ದಿನ ಬಂದು ಬಹಳ ಹೊತ್ತು ನೋಡಿ, "ಅಪ್ಪ ಇದ್ದಿದ್ರೆ ಬೈತಿದ್ರು" ಎಂದಳು. ಒಂದು ತೆನೆಯನ್ನು ಬೆರಳಲ್ಲಿ ಸವರಿ, "ಬೈದು, ದಿನಾ ನೋಡೋಕೆ ಬರ್ತಿದ್ರು" ಎಂದಳು.

ಆದರೆ ಪಾದರಸಮ್ಮನ ಕಷ್ಟ ತೀರಲಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಒಳಗೆ ಕಾಲಿಡುವ ಹಾಗಿಲ್ಲ. ಆಕೆ ಎಬ್ಬಿಸಿದ ಹೊಲಕ್ಕೆ ಈಗ ಆಕೆಯೇ ಬೇಡ. ಬಾಲ ಸುಟ್ಟ ಬೆಕ್ಕಿನಂತೆ ಬೇಲಿಯ ಸುತ್ತ ತಿರುಗುವಳು. ಕಡೆಗೆ ಅವಳ ಕೈಗೆ ಉಳಿದದ್ದು ಬೇಲಿಯ ಅಂಚಿನಲ್ಲಿ ತಾನೇ ಉತ್ತು ಕೆಡಿಸಿದ ಆ ಎರಡು ಸುತ್ತಿನ ಪಟ್ಟಿ. ಅಲ್ಲಿ ಇನ್ನೂ ಕಳೆಯದೇ ಕಾರುಬಾರು. ಬೆಳಿಗ್ಗೆ ಎದ್ದು ಮಂಕರಿ ಹಿಡಿದು ಅಲ್ಲಿಗೆ ಹೋಗುತ್ತಾಳೆ. ಒಂದೊಂದು ಸಸಿಯನ್ನೂ ಬೆರಳಲ್ಲಿ ತಿರುವಿ, ಎರಡೆರಡು ಸಲ ನೋಡಿ, ಕಳೆ ಎಂದು ಖಾತ್ರಿಯಾದರೆ ಮಾತ್ರ ಕೀಳುತ್ತಾಳೆ. ಊಟಕ್ಕೆ ಗಂಡ ಮೂರು ಸಲ ಕೂಗಬೇಕು.