ಸಿದ್ದಮ್ಮನ ಒಲೆ, ಪರಮಶಿವಯ್ಯನವರ ಓಲೆ

ಹೊನ್ನವಳ್ಳಿಯ ನಮ್ಮ ಬೀದಿಯಲ್ಲಿ ಎಲ್ಲರ ಅಡುಗೆಮನೆಯ ಅಟ್ಟದ ಮೇಲೂ ಕೊಬ್ಬರಿಗೆ ಬಿಟ್ಟ ಕಾಯಿಗಳಿರುತ್ತಿದ್ದವು. ಪಕ್ಕದ ಮನೆಯ ಸಿದ್ದಮ್ಮನ ಅಟ್ಟದ ಮೇಲೆ ಮಾತ್ರ ಕೆಂಪು ಬಟ್ಟೆ ಸುತ್ತಿದ ಓಲೆಗರಿಯ ಕಟ್ಟಿತ್ತು. ಅವಳ ಗಂಡ ಪರಮಶಿವಯ್ಯನವರು ಶ್ರಾವಣ ಬಂತೆಂದರೆ ಅದನ್ನು ಬಿಚ್ಚಿ, ಜಗಲಿಯ ಮೇಲೆ ಕೂತು ಪುರಾಣ ಓದುತ್ತಿದ್ದರು. "ಒಲೆ ಆರಿದ್ರೆ ಓಲೆ ಹೋಯ್ತದೆ ಕಣೇ" ಎಂದು ಹೆಂಡತಿಗೆ ಹೇಳುತ್ತಿದ್ದರು. ಹೊತ್ತುಹೊತ್ತಿಗೂ ಕಾಫಿ ಗಿಟ್ಟಿಸಲು ಹೂಡಿದ ಆಟ ಇದು ಎಂದು ನಾವು ಹೆಂಗಸರೆಲ್ಲ ನಗುತ್ತಿದ್ದೆವು.

ಎಪ್ಪತ್ತೆಂಟನೇ ಇಸವಿಯಲ್ಲಿ ಅವರು ತೀರಿಕೊಂಡರು. ಮಕ್ಕಳಿಲ್ಲ. ಸಿದ್ದಮ್ಮನಿಗೆ ಅಕ್ಷರವೂ ಬಾರದು. ಆದರೂ ಸಂಜೆಯಾದರೆ ಒಲೆಗೆ ತೆಂಗಿನ ಮಟ್ಟೆ ತುರುಕಿ, ಮೇಲೆ ಪಾತ್ರೆಯನ್ನೇ ಇಡದೆ ಅದರ ಮುಂದೆ ಕೂರುತ್ತಿದ್ದಳು. ಒಬ್ಬಳ ಹೊಟ್ಟೆಗೆ ಎಷ್ಟು ಬೆಂಕಿ ಬೇಕು? ಓಲೆಗರಿ ಹುಡುಕಿಕೊಂಡು ಮೈಸೂರಿನಿಂದ ಬಂದವರು, "ಒಂದು ಹುಳವೂ ಬಿದ್ದಿಲ್ಲ, ನಮಗೆ ಕೊಡಿ" ಎಂದು ಕೇಳಿದರು.

"ಅವ್ರ ದನಿ ಇರೋದು ಅದ್ರಲ್ಲೇ ಕಣಪ್ಪ. ಅದ್ನೂ ಕೊಟ್ಬುಟ್ರೆ ನಂಗೇನು ಉಳೀತದೆ?" ಎಂದಳು.

ಒಲೆಯ ಹೊಗೆಗೆ ಹತ್ತಿದ ಕೆಮ್ಮು ಮಾತ್ರ ಅವಳ ಬೆನ್ನು ಬಿಡಲಿಲ್ಲ. ಮೈದುನ ಕರಿಬಸವಯ್ಯ ಒಳ್ಳೆಯವನು, ಒಳ್ಳೆಯದು ಮಾಡದೆ ಸುಮ್ಮನಿರಲಾರ. ಎಂಬತ್ತೈದರ ಸುಮಾರಿಗೆ ಸರ್ಕಾರದ ಹೊಗೆಯಿಲ್ಲದ ಒಲೆ ಊರಿಗೆ ಬಂದಾಗ ಮೊದಲು ಅತ್ತಿಗೆಯ ಮನೆಗೇ ಹಾಕಿಸಿದ. "ಇನ್ನು ಕಣ್ಣುರಿ ಇಲ್ಲ ಬುಡಿ ಅತ್ಗೆಮ್ಮ" ಎಂದ. ಹೊಗೆಯೆಲ್ಲ ಕೊಳವೆ ಹಿಡಿದು ಸೂರಿನಾಚೆ ಹೋಯಿತು, ಕೆಮ್ಮೂ ನಿಂತಿತು. ಒಲೆಯಂತೂ ಆರಿಲ್ಲವಲ್ಲ, ಗಂಡನ ಮಾತು ನಡೆಸುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಅಟ್ಟದ ಕಾಯಿಗೆ ದಿನಾ ಹೊಗೆ ಕೊಡುವ ನಮಗೂ ಹೊಳೆಯಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಪೂಜೆಗೆಂದು ಕಟ್ಟು ಇಳಿಸಿದಳು. ಬಟ್ಟೆ ಬಿಚ್ಚಿದರೆ ಮಡಿಲ ತುಂಬ ಹಿಟ್ಟು ಸುರಿಯಿತು. ಹುಳ ಕೊರೆಯದೆ ಉಳಿದಿದ್ದು ಕೆಲವೇ ಗರಿಗಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ಕರಿಬಸವಯ್ಯ ಹಣೆ ಚಚ್ಚಿಕೊಂಡ. ಅವಳು ಬೈಯಲಿಲ್ಲ. ಬೈದಿದ್ದರೆ ನಮಗೂ ಎಷ್ಟೋ ಹಗುರವಾಗುತ್ತಿತ್ತು. ಕೊಳವೆಯನ್ನೇ ನೋಡುತ್ತ, "ಓಲೆ ಕಾಯ್ತಿದ್ದುದು ಒಲೆ ಅಲ್ಲ, ಹೊಗೆ" ಎಂದಳು.

ಅದೇ ಸಂಜೆ ಕೊಳವೆಗೆ ಹಳೇ ಸೀರೆ ತುರುಕಿದಳು. ಮನೆಯೆಲ್ಲ ಹೊಗೆ. ಅವಳ ಕೆಮ್ಮು ನಮ್ಮ ಮನೆಗೂ ಕೇಳಿಸಿತು. ನನಗೆ ತಡೆಯಲಾಗಲಿಲ್ಲ, ಓಡಿಹೋಗಿ ಬಾಗಿಲಲ್ಲಿ ನಿಂತು ಗದರಿದೆ.

"ಒಬ್ಳಿಗೆ ಯಾಕಕ್ಕ ಇಷ್ಟೊಂದು ಹೊಗೆ? ಸತ್ತೇ ಹೋಯ್ತೀಯ!"

ಅವಳು ಉಳಿದ ಗರಿಗಳನ್ನು ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದಳು.

"ಒಬ್ಳೇ ಎಲ್ಲಿದೀನಿ?" ಎಂದಳು. "ಇಬ್ರಿದೀವಿ ಕಣೇ."