ನೆಲಕ್ಕೆ ಬಿದ್ದ ಬಟ್ಟೆ

ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ ಅಪ್ಪ ಪ್ರತಿ ಭಾನುವಾರ ಮನೆಯಂಗಳದಲ್ಲೇ ಕಾರು ತೊಳೆದು ಪಾಲಿಶ್ ಹಚ್ಚುತ್ತಿದ್ದರು. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ತಾಕಿಸಲು ಯಾರಿಗೂ ಬಿಡುತ್ತಿರಲಿಲ್ಲ. ಒಂದು ಮರಳಿನ ಕಣ ಸಾಕು, ಬಣ್ಣ ಗೀರಿಹೋಗುತ್ತದೆ ಎನ್ನುತ್ತಿದ್ದರು.

ಕಳೆದ ಭಾನುವಾರ ಬಟ್ಟೆ ಅವರ ಕೈಜಾರಿ ಮರಳಿಗೆ ಬಿತ್ತು. ತಡಕಾಡಿ ಎತ್ತಿಕೊಂಡವರು ಅದರಿಂದಲೇ ಬಾನೆಟ್ ಉಜ್ಜತೊಡಗಿದರು. ಕಪ್ಪು ಬಣ್ಣದ ಮೇಲೆ ಬಿಳಿ ಗೀರುಗಳು ಮೂಡಿದವು.

"ಕನ್ನಡಿ ಥರ ಮುಖ ಕಾಣತ್ತೆ ನೋಡು, ಪೌಡರ್ ಹಚ್ಕೊಂಡು ಬಾ," ಎಂದು ನನ್ನತ್ತ ತಿರುಗಿ ನಕ್ಕರು.

ಅವರ ಕಣ್ಣು ಇಷ್ಟು ಮಂಜಾಗಿರುವುದು ನಮಗೆ ಗೊತ್ತಿರಲಿಲ್ಲ. ಮರುದಿನ ಅವರಿಗೆ ದೂರದ ಬಾಡಿಗೆಯಿತ್ತು.

"ಅಪ್ಪಾ, ಕೀ ಕೊಡಿ."

ನಗು ನಿಂತಿತು. ಬಾನೆಟ್ ಮೇಲೆ ಬೆರಳಾಡಿಸಿದರು.

"ತುಂಬಾ ಗೀರಿದೆಯೇನಮ್ಮಾ?"

"ಹೂಂ ಅಪ್ಪಾ."

ಬಟ್ಟೆಯನ್ನು ನೆಲಕ್ಕೆ ಹಾಕಿ, ಜೇಬಿನಿಂದ ಕೀ ತೆಗೆದು ಕೊಟ್ಟರು.